ಸಿಂಗಲ್ ಮಾಲ್ಟ್ ಸವಿಯೋದು ಹೇಗೆ: ಮೊದ್ಲು ಮೂಗು, ಆಮೇಲೆ ನಾಲಿಗೆ

ನಮ್ಮ ಕಡೆ ವಿಸ್ಕಿ ಅಂದ್ರೆ ಒಂದೇ ಪದ್ಧತಿ, ಒಂದು ಲಾರ್ಜ್ ಹಾಕು, ಐಸ್ ಹಾಕು, ಮೇಲೆ ಸೋಡ ತುಂಬ್ಸು, ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜ ಇಟ್ಕೋ. ಅದಕ್ಕೆ ನಂದೇನೂ ತಕರಾರಿಲ್ಲ, ಹಾಗೆ ಕುಡಿಯೋಕೆ ಅಂತಾನೇ ಇರೋ ವಿಸ್ಕಿಗಳಿವೆ. ಆದ್ರೆ ಆಸೆಪಟ್ಟು ಸಾವಿರಗಟ್ಟಲೆ ಕೊಟ್ಟು ತಂದ ಸಿಂಗಲ್ ಮಾಲ್ಟಿಗೂ ಹಿಂಗೇ ಮಾಡೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅದರ ರುಚಿಯಲ್ಲಿ ಹೆಚ್ಚಿನ ಪಾಲು ಇರೋದು ವಾಸನೆಯಲ್ಲಿ, ಐಸ್ ಬಿದ್ದು ತಣ್ಣಗಾದ್ರೆ ಆ ವಾಸನೆ ಮೇಲೇಳೋದೇ ಇಲ್ಲ. ಕುಡಿಯದೇ ಇರೋರು ಇದಕ್ಕೋಸ್ಕರ ಶುರು ಮಾಡೋದೇನೂ ಬೇಡ, ಕುಡಿಯೋರು ಕಮ್ಮಿ ಕುಡಿದು ಜಾಸ್ತಿ ಸವಿಯೋದು ಹೇಗೆ ಅಂತ ಹೇಳೋಕೆ ಬರೀತಿದೀನಿ.

ಮೊದ್ಲು ಬಾಟಲಿ ಒಳಗೆ ಏನಿದೆ ಅಂತ ತಿಳ್ಕೊಳ್ಳಿ. ನಮ್ಮಲ್ಲಿ ಕಮ್ಮಿ ರೇಟಿಗೆ ಸಿಗೋ ಎಷ್ಟೋ ವಿಸ್ಕಿಗಳಲ್ಲಿ ಹೆಚ್ಚಿನ ಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು, ಅಂದ್ರೆ ಸಕ್ಕರೆ ಫ್ಯಾಕ್ಟರೀಲಿ ಕೊನೆಗೆ ಉಳಿಯೋ ಆ ಕಪ್ಪು ಪಾಕದ್ದು. ಸಿಂಗಲ್ ಮಾಲ್ಟ್ ಹಂಗಲ್ಲ, ಬರೀ ಮೊಳಕೆ ಬರ್ಸಿದ ಬಾರ್ಲಿ, ಒಂದೇ ಡಿಸ್ಟಿಲರಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ ಓಕ್ ಮರದ ಪೀಪಾಯೀಲಿ ವರ್ಷಗಟ್ಟಲೆ ಇಟ್ಟಿದ್ದು. ಮಾಲ್ಟ್ ಅನ್ನೋದು ನಮಗೇನು ಹೊಸದಲ್ಲ, ಮಕ್ಕಳಿಗೆ ಕೊಡೋ ರಾಗಿ ಮಾಲ್ಟ್ ಇದ್ಯಲ್ಲ, ರಾಗಿ ನೆನೆಸಿ ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ ಒಣಗ್ಸಿ ಹುರಿಯುವಾಗ ಅಡುಗೆಮನೆ ತುಂಬಾ ಒಂದು ಸಿಹಿ ಘಮ ಬರುತ್ತಲ್ಲ, ಅದನ್ನ ನೆನಪಿಟ್ಕೊಳ್ಳಿ, ಮುಂದೆ ಗ್ಲಾಸಲ್ಲಿ ಅದೇ ಸಿಗುತ್ತೆ.

ಅಭ್ಯಾಸಕ್ಕೆ ಸ್ಕಾಟ್ಲೆಂಡಿಂದೇ ಬೇಕು ಅಂತಿಲ್ಲ. ನಮ್ಮ ಬೆಂಗಳೂರಿನ ಅಮೃತ್ ಸಾಕು, 1948ರಲ್ಲಿ ಶುರುವಾದ ಕಂಪನಿ, ಮೈಸೂರು ರಸ್ತೆ ಕಡೆ ಕಂಬೀಪುರದಲ್ಲಿ ಡಿಸ್ಟಿಲರಿ. ಇವರು ತಮ್ಮ ಸಿಂಗಲ್ ಮಾಲ್ಟನ್ನ 2004ರಲ್ಲಿ ಮೊದ್ಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ, ಗ್ಲಾಸ್ಗೋದಲ್ಲಿ, ವಿಸ್ಕಿಯ ತವರುಮನೇಗೇ ಹೋಗಿ! ಆಮೇಲೆ ಜಿಮ್ ಮರ್ರೆ ಅನ್ನೋ ಬ್ರಿಟಿಷ್ ವಿಸ್ಕಿ ಬರಹಗಾರರು ತಮ್ಮ 2010ರ ಪಟ್ಟೀಲಿ ಅಮೃತ್ ಫ್ಯೂಷನ್‌ಗೆ ಇಡೀ ಜಗತ್ತಲ್ಲಿ ಮೂರನೇ ಜಾಗ ಕೊಟ್ರು. ಗೋವಾದ ಪಾಲ್ ಜಾನ್ ಕೂಡ ಒಳ್ಳೇದೇ, ಅದರ ಮೂಲ ಕಂಪನಿಯೂ ಬೆಂಗಳೂರಿಂದೇ.

ಇಲ್ಲೊಂದು ಮಾತು, ಲೇಬಲ್ ಮೇಲೆ 12 ವರ್ಷ 18 ವರ್ಷ ಅಂತ ಇದ್ರೇ ಒಳ್ಳೇದು ಅಂತ ನಂಬಬೇಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋಗುತ್ತೆ, ಅದಕ್ಕೆ ಅವರು ದೇವತೆಗಳ ಪಾಲು ಅಂತಾರೆ. ಬೆಂಗಳೂರಲ್ಲಿ ಅದೇ ಪಾಲು ವರ್ಷಕ್ಕೆ 10ರಿಂದ 12%. ಬಿಸಿಲಿಗೆ ಮರ ಮತ್ತೆ ಸ್ಪಿರಿಟ್ ಎರಡೂ ಬೇಗ ಬೇಗ ಬೆರೆತುಕೊಳ್ಳುತ್ವೆ, ಹಂಗಾಗಿ ಇಲ್ಲಿ ನಾಲ್ಕೈದು ವರ್ಷಕ್ಕೇ ಚೆನ್ನಾಗಿ ಮಾಗಿರುತ್ತೆ, ಅಲ್ಲಿನ ಲೆಕ್ಕದಲ್ಲಿ ಇಲ್ಲೂ 18 ವರ್ಷ ಇಡ್ತೀನಿ ಅಂದ್ರೆ ಪೀಪಾಯಿಯಲ್ಲಿ ಉಳಿಯೋದೇ ಚೂರುಪಾರು.

ಈಗ ತಯಾರಿ. ಗ್ಲಾಸ್ ಮುಖ್ಯ, ಹೊಟ್ಟೆ ಅಗಲ ಬಾಯಿ ಕಿರಿದು ಇರ್ಬೇಕು, ವಾಸನೆ ಮೇಲೆ ಬಂದು ಒಂದೇ ಕಡೆ ಸೇರೋ ಥರ. ಗ್ಲೆನ್‌ಕೇರ್ನ್ ಅಂತ ಇದಕ್ಕಂತಾನೇ ಮಾಡಿದ ಗ್ಲಾಸ್ ಆನ್‌ಲೈನಲ್ಲಿ ಸಿಗುತ್ತೆ, ಇಲ್ಲಾಂದ್ರೆ ಚಿಕ್ಕ ವೈನ್ ಗ್ಲಾಸ್ ಆಯ್ತು. ಬಾರಲ್ಲಿ ಕೊಡೋ ದಪ್ಪ ತಳದ ಅಗಲ ಬಾಯಿ ಗ್ಲಾಸ್ ಬೇಡ. ತೊಳೆದ ಮೇಲೆ ಒಂದ್ಸಲ ಮೂಸಿ ನೋಡಿ, ಪಾತ್ರೆ ತೊಳೆಯೋ ಸೋಪಿನ ನಿಂಬೆ ವಾಸನೆ ಉಳಿದಿದ್ರೆ ಎಲ್ಲಾ ಕೆಟ್ಟಂಗೆ. ಮನೇಲಿ ಊದುಬತ್ತಿ ಹಚ್ಚಿರಬಾರದು, ಒಗ್ಗರಣೆ ಹಾಕ್ತಿರಬಾರದು, ಸೆಂಟ್ ಹಾಕ್ಕೊಂಡಿರಬಾರದು. ರಾತ್ರಿ ಊಟಕ್ಕೆ ಮುಂಚೆ ಏಳು ಏಳೂವರೆ ಹೊತ್ತು ಒಳ್ಳೇದು, ಹೊಟ್ಟೆ ಪೂರ್ತಿ ಖಾಲಿ ಬೇಡ, ಆದ್ರೆ ಚಿಲ್ಲಿ ಚಿಕನ್ ತಿಂದ ನಾಲಿಗೇಲಿ ಏನೂ ಗೊತ್ತಾಗಲ್ಲ. ಪಕ್ಕದಲ್ಲಿ ಸಪ್ಪೆ ಮಂಡಕ್ಕಿ ಇಟ್ಕೊಳ್ಳಿ, ಒಂದು ಲೋಟ ಕುಡಿಯೋ ನೀರು, ಒಂದು ಚಿಕ್ಕ ಚಮಚ. ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಇರುತ್ತೆ, ಬೋರ್‌ವೆಲ್ ನೀರು ಗಡಸು, ಹಂಗಾಗಿ ಫಿಲ್ಟರ್ ನೀರೇ ಇರಲಿ.

ಒಂದು ಸ್ಮಾಲ್, ಅಂದ್ರೆ 30 ಎಂಎಲ್, ಹಾಕಿ. ಹಾಕಿದ ತಕ್ಷಣ ಬಾಯಿಗೆ ಇಡಬೇಡಿ, ಹತ್ತು ನಿಮಿಷ ಹಂಗೇ ಬಿಡಿ, ಈ ಹತ್ತು ನಿಮಿಷ ಕಾಯೋದೇ ಎಲ್ಲರಿಗೂ ಕಷ್ಟ. ಆಮೇಲೆ ಗ್ಲಾಸನ್ನ ಎದೆ ಹತ್ರ ಹಿಡಿದು ನಿಧಾನಕ್ಕೆ ಗಲ್ಲದ ತನಕ ತನ್ನಿ, ಎಲ್ಲಿ ವಾಸನೆ ಸಿಗೋಕೆ ಶುರುವಾಗುತ್ತೋ ಅಲ್ಲೇ ನಿಲ್ಸಿ. ವೈನಿಗೆ ಮಾಡಿದಂಗೆ ಗರಗರ ತಿರುಗಿಸಿ ಮೂಗನ್ನ ಒಳಗೆ ತೂರ್ಸಿದ್ರೆ ಆಲ್ಕೋಹಾಲ್ ಕುಟುಕುತ್ತೆ, ಒಂದ್ಸಲ ಕುಟುಕಿತು ಅಂದ್ರೆ ಸ್ವಲ್ಪ ಹೊತ್ತು ಮೂಗು ಏನೂ ಹಿಡಿಯಲ್ಲ. ಬಾಯಿ ಸ್ವಲ್ಪ ತೆರೆದಿಟ್ಕೊಂಡು ಮೆಲ್ಲಗೆ ಉಸಿರೆಳೀರಿ, ಒಂದು ಹೊಳ್ಳೆಯಿಂದ, ಆಮೇಲೆ ಇನ್ನೊಂದರಿಂದ. ಮೂಗು ಸೋತ್ರೆ ನಿಮ್ಮ ಅಂಗಿ ತೋಳನ್ನೇ ಮೂಸಿ, ಅದು ನಿಮಗೆ ಪರಿಚಯದ ವಾಸನೆ ಆಗಿರೋದ್ರಿಂದ ಮೂಗು ಮತ್ತೆ ಸರಿಹೋಗುತ್ತೆ.

ಈ ಹಂತದಲ್ಲೇ ಜನ ಕೈಬಿಡೋದು, ನಂಗೇನೂ ಗೊತ್ತಾಗಲ್ಲಪ್ಪ ಅಂತ. ಕಾರಣ ಏನಂದ್ರೆ ಬಾಟಲಿ ಡಬ್ಬದ ಮೇಲೆ ಬರೆದಿರೋದು ಹೀದರ್ ಹೂವು, ಟಾಫಿ, ಬ್ಲ್ಯಾಕ್‌ಬೆರಿ, ನಾವು ನೋಡಿರೋದೇ ಇಲ್ಲದ ಸಾಮಾನು. ಅದನ್ನ ಪಕ್ಕಕ್ಕಿಡಿ, ನಿಮ್ಮ ಮನೆ, ನಿಮ್ಮ ಊರಿನ ವಾಸನೆ ಹುಡುಕಿ. ತಿಪಟೂರಿನ ನಮ್ಮ ಭಾವ ಒಂದ್ಸಲ ಮನೆಗೆ ಬಂದಿದ್ರು, ಅವರಿಗೆ 46% ಆಲ್ಕೋಹಾಲ್ ಇರೋ ಮಾಮೂಲಿ ಅಮೃತ್ ಸಿಂಗಲ್ ಮಾಲ್ಟ್ ಹಾಕಿಕೊಟ್ಟೆ. ಮೊದಲನೇ ಸಲ ಮೂಸಿ "ಬ್ರಾಂದಿ ವಾಸನೆ ಕಣೋ" ಅಂದ್ರು. ಇನ್ನೂ ಸ್ವಲ್ಪ ಹೊತ್ತು ಬಿಡಿ ಭಾವ ಅಂದೆ. ಕಾಲು ಗಂಟೆ ಆದ್ಮೇಲೆ ಮತ್ತೆ ಗ್ಲಾಸ್ ತಗೊಂಡ್ರು, ಕಣ್ಣು ಮುಚ್ಚಿದ್ರು, ಗ್ಲಾಸನ್ನ ಮೂಗಿಂದ ದೂರ ಒಯ್ದು ಮತ್ತೆ ಹತ್ರ ತಂದ್ರು, ಆಮೇಲೆ ಮೆಲ್ಲಗೆ, "ಇದು ನಮ್ಮನೆ ಅಟ್ಟ ಕಣೋ." ಅವರ ಮನೇಲಿ ತೆಂಗಿನಕಾಯಿನ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟಿರ್ತಾರೆ, ಒಳಗಿನ ನೀರೆಲ್ಲಾ ಇಂಗಿ ಕೊಬ್ಬರಿ ಗಿಟುಕಾಗುತ್ತೆ, ಆ ಅಟ್ಟ ಹತ್ತಿದ್ರೆ ಒಣ ಮರ, ಕೊಬ್ಬರಿ ಎಣ್ಣೆ ಜಿಡ್ಡು, ಸ್ವಲ್ಪ ಧೂಳು, ಎಲ್ಲಾ ಸೇರಿದ ವಾಸನೆ. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನೋ ಅಂಶ ಇದೆ, ಅದರ ವಾಸನೆ ತೆಂಗಿನಕಾಯಿದೇ, ಅಮೆರಿಕನ್ ಓಕಲ್ಲಂತೂ ಜಾಸ್ತಿ. ಅಮೆರಿಕದಲ್ಲಿ ಬರ್ಬನ್ ಅನ್ನೋ ಅಲ್ಲಿನ ವಿಸ್ಕಿಗೆ ಪ್ರತಿ ಸಲ ಹೊಸ ಪೀಪಾಯಿನೇ ಬಳಸಬೇಕು ಅಂತ ಕಾನೂನಿದೆ, ಹಂಗಾಗಿ ಒಂದ್ಸಲ ಬಳಸಿದ ಪೀಪಾಯಿಗಳು ಪ್ರಪಂಚದ ಎಷ್ಟೋ ಮಾಲ್ಟ್ ಡಿಸ್ಟಿಲರಿಗಳಿಗೆ ಬರುತ್ವೆ, ಬೆಂಗಳೂರಿಗೂ.

ಹಿಂಗೇ ಹುಡುಕ್ತಾ ಹೋಗಿ. ಬಾಳೆಹಣ್ಣಿನ ವಾಸನೆ ಬಂದ್ರೆ ಅದು ಹುದುಗು ಬರುವಾಗ ಯೀಸ್ಟಿಂದ ಹುಟ್ಟಿದ್ದು. ಲವಂಗ ಅನ್ಸಿದ್ರೆ ಅದೂ ಮರದ್ದೇ, ಲವಂಗದಲ್ಲಿರೋ ಯೂಜಿನಾಲ್ ಓಕಲ್ಲೂ ಇದೆ. ಒಣದ್ರಾಕ್ಷಿ, ಅಂಜೂರ, ಖರ್ಜೂರ ಅನ್ಸಿದ್ರೆ ಬಹುಶಃ ಶೆರ್ರಿ ವೈನ್ ಇಟ್ಟಿದ್ದ ಪೀಪಾಯಿ ಬಳಸಿರ್ತಾರೆ. ಬೆಲ್ಲದ ಪಾಕ, ಹೋಳಿಗೆ ಹೂರಣ, ಹುರಿಗಡಲೆ, ಒಣಶುಂಠಿ, ಏನನ್ಸಿದ್ರೂ ಒಂದು ಚೀಟೀಲಿ ಬರ್ಕೊಳ್ಳಿ, ಪಕ್ಕದೋರು ಏನಂದ್ರು ಅಂತ ನೋಡೋಕೆ ಮುಂಚೆ.

ಈಗ ಬಾಯಿಗೆ. ಮೊದಲನೇ ಗುಟುಕು ಬರೀ ನಾಲಿಗೆ ಒದ್ದೆಯಾಗೋಷ್ಟು, ಅದು ಸುಡುತ್ತೆ, ಅದರಲ್ಲಿ ರುಚಿ ಹುಡುಕ್ಬೇಡಿ, ಅದು ಬಾಯಿಗೆ ಪರಿಚಯ ಮಾಡಿಸೋಕೆ ಅಷ್ಟೇ. ಎರಡನೇದನ್ನ ಎಂಟು ಹತ್ತು ಸೆಕೆಂಡ್ ಬಾಯಲ್ಲೇ ಇಟ್ಕೊಂಡು ನಾಲಿಗೆ ಸುತ್ತ ಆಡ್ಸಿ, ನುಂಗಿದ್ಮೇಲೆ ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ. ಆ ಬಿಡೋ ಉಸಿರಲ್ಲೇ ಅರ್ಧ ರುಚಿ ಇರೋದು. ಒಳ್ಳೇ ಮಾಲ್ಟ್ ಆದ್ರೆ ನುಂಗಿ ಒಂದು ನಿಮಿಷ ಆದ್ರೂ ಗಂಟಲಲ್ಲಿ ಒಂದು ಸಿಹಿ ಕಾವು ಉಳಿದಿರುತ್ತೆ.

ನೀರಿನ ವಿಷಯಕ್ಕೆ ಬಂದ್ರೆ, ನೀರು ಹಾಕಿದ್ರೆ ವಿಸ್ಕಿ ಕೆಡುತ್ತೆ ಅನ್ನೋದು ಬರೀ ಬಡಾಯಿ. ವಿಸ್ಕಿ ಬೆರೆಸಿ ಹದ ಮಾಡೋ ಕಸುಬಿನ ಬ್ಲೆಂಡರ್‌ಗಳೇ ಮೂಸಿ ನೋಡುವಾಗ ನೀರು ಹಾಕಿ ಆಲ್ಕೋಹಾಲನ್ನ ಸುಮಾರು 20%ಗೆ ಇಳಿಸ್ಕೊಂಡು ನೋಡ್ತಾರೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಲ್ಲಿ ಲೆಕ್ಕ ಹಾಕಿ ತೋರ್ಸಿದ್ರು, ವಿಸ್ಕಿಯ ಹೊಗೆ ವಾಸನೆಗೆ ಕಾರಣ ಆದ ಗ್ವಾಯಕಾಲ್ ಅನ್ನೋ ಅಂಶ ಆಲ್ಕೋಹಾಲ್ ಜಾಸ್ತಿ ಇದ್ದಾಗ ಅದರೊಳಗೇ ಮುಳುಗಿರುತ್ತೆ, 45% ಅಥವಾ ಕೆಳಗಿದ್ದಾಗ ಮೇಲ್ಮೈಗೆ ಬರುತ್ತೆ ಅಂತ. ಮೇಲ್ಮೈಗೆ ಬಂದ್ರೆ ಮೂಗಿಗೆ ಬಂತು. ಲೆಕ್ಕ ಸುಲಭ, ಫ್ಯೂಷನ್ 50% ಇರೋದು, 30 ಎಂಎಲ್‌ಗೆ ಒಂದೂವರೆ ಚಿಕ್ಕ ಚಮಚ ಅಂದ್ರೆ 7.5 ಎಂಎಲ್ ನೀರು ಹಾಕಿದ್ರೆ 40% ಆಗುತ್ತೆ. ಅಮೃತ್ ಕಾಸ್ಕ್ ಸ್ಟ್ರೆಂತ್, ಅಂದ್ರೆ ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ್ದು, 61.8%, ಅದಕ್ಕೆ ಎರಡು ಚಮಚ ಹಾಕಿದ್ರೆ 46% ಹತ್ರ ಬರುತ್ತೆ, ಅದನ್ನಂತೂ ಹಸಿಯಾಗಿ ಕುಡಿಯೋ ಸಾಹಸ ಮಾಡ್ಬೇಡಿ. ಆದ್ರೆ ಒಂದೇ ಸಲ ಸುರಿಬೇಡಿ, ಅರ್ಧ ಚಮಚ, ಮೂಸಿ, ಒಂದು ಗುಟುಕು, ಮತ್ತೆ ಅರ್ಧ. ಒಂದು ಹಂತದಲ್ಲಿ ವಾಸನೆ ಹೂವಿನ ಥರ ಬಿಚ್ಚಿಕೊಳ್ಳುತ್ತೆ, ಅದಾದ್ಮೇಲೂ ಹಾಕಿದ್ರೆ ಸಪ್ಪೆ ಆಗುತ್ತೆ, ಆ ಗೆರೆ ಎಲ್ಲಿದೆ ಅಂತ ನಿಮ್ಮ ನಾಲಿಗೆಗೇ ಗೊತ್ತಾಗ್ಬೇಕು. ನೀರು ಬಿದ್ದು ಸ್ವಲ್ಪ ಮಬ್ಬಾದ್ರೆ ಗಾಬರಿ ಬೇಡ, ಎಣ್ಣೆ ಅಂಶ ಸೋಸಿ ತೆಗೆದಿಲ್ಲ ಅಂತ ಅರ್ಥ, ಒಳ್ಳೇದೇ.

ಎರಡು ಮೂರು ಬಾಟಲಿ ಒಟ್ಟಿಗೆ ನೋಡೋದಾದ್ರೆ ಸ್ನೇಹಿತರು ಸೇರ್ಕೊಂಡು ದುಡ್ಡು ಹಾಕ್ಕೊಳ್ಳಿ, ತಲಾ 15 ಎಂಎಲ್ ಸಾಕು. ಹೊಗೆ ಇಲ್ಲದ್ದು ಮೊದ್ಲು, ಹೊಗೆ ಇರೋದು ಕೊನೆಗೆ, ಈ ಕ್ರಮ ತಪ್ಪಬಾರದು. ಪಾಲ್ ಜಾನ್ ಇದಕ್ಕೆ ಹೇಳಿ ಮಾಡ್ಸಿದಂಗಿದೆ, ಬ್ರಿಲಿಯನ್ಸ್‌ನಲ್ಲಿ ಹೊಗೆ ಇಲ್ಲ, ಎಡಿಟೆಡ್‌ನಲ್ಲಿ ಸ್ವಲ್ಪ, ಬೋಲ್ಡ್‌ನಲ್ಲಿ ಜೋರು, ಮೂರೂ 46%. ಈ ಹೊಗೆ ಬರೋದು ಪೀಟ್‌ನಿಂದ, ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಗಿಡಗಂಟಿಯ ಹೆಂಟೆ, ಅದನ್ನ ಸುಟ್ಟು ಬಾರ್ಲಿ ಒಣಗಿಸ್ತಾರೆ. ಮೊದಲ ಸಲ ಆಸ್ಪತ್ರೆ ವಾಸನೆ ಅನ್ಸುತ್ತೆ, ತಡೀರಿ, ಮಲೆನಾಡ ಕಡೆ ಬಚ್ಚಲೊಲೆಯಲ್ಲಿ ಹಸಿ ಸೌದೆ ಉರಿಯುವಾಗ ಸ್ನಾನ ಮಾಡಿದೋರಿಗೆ ಆ ವಾಸನೆ ಬೇಗ ಹತ್ರ ಆಗುತ್ತೆ. ಇಷ್ಟಾದ್ಮೇಲೆ ಗಾಡಿ ಕೀ ಮುಟ್ಟಬೇಡಿ, 15 ಎಂಎಲ್ ಮೂರು ಗ್ಲಾಸ್ ಅಂದ್ರೂ ಒಂದೂವರೆ ಸ್ಮಾಲ್ ಆಯ್ತು, ಆಟೋಗೆ ಫೋನ್ ಮಾಡಿ.

ಬಾಟಲಿನ ವೈನ್ ಥರ ಮಲಗಿಸಬೇಡಿ, ನಿಲ್ಸಿಡಿ, ಇಲ್ಲಾಂದ್ರೆ ಆಲ್ಕೋಹಾಲಿಗೆ ಕಾರ್ಕ್ ಪುಡಿ ಪುಡಿ ಆಗುತ್ತೆ. ಬಿಸಿಲು ತಾಗದ ಕಪಾಟು ಒಳ್ಳೇದು. ಮುಚ್ಚಳ ತೆಗೀದೆ ಎಷ್ಟು ವರ್ಷ ಇಟ್ರೂ ಬಾಟಲೀಲಿ ಅದು ಮಾಗಲ್ಲ, ಮಾಗೋದೆಲ್ಲಾ ಪೀಪಾಯೀಲಿ ಮುಗೀತು. ಕಾಲು ಭಾಗಕ್ಕೆ ಬಂದಾಗ ಗಾಳಿ ಸೇರಿ ರುಚಿ ಇಳಿಯುತ್ತೆ, ಆಗ ಒಂದು ಚಿಕ್ಕ ಬಾಟಲಿಗೆ ಬಗ್ಗಿಸಿಡಿ ಅಥವಾ ಯಾರನ್ನಾದ್ರೂ ಕರೀರಿ.

ಮುಗಿದ ಗ್ಲಾಸನ್ನ ಅವತ್ತು ರಾತ್ರಿ ತೊಳೀಬೇಡಿ. ಹಂಗೇ ಮೇಜಿನ ಮೇಲೆ ಬಿಟ್ಟು ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಒಂದ್ಸಲ ಮೂಸಿ, ಆಲ್ಕೋಹಾಲ್ ಪೂರ್ತಿ ಹಾರಿಹೋಗಿ ಬರೀ ಮರ, ಮಾಲ್ಟ್, ಸ್ವಲ್ಪ ಬೆಲ್ಲ ಉಳಿದಿರುತ್ತೆ. ಅವತ್ತು ನಾನು ಎದ್ದು ಬರೋ ಹೊತ್ತಿಗೆ ಭಾವ ಆಗ್ಲೇ ಗ್ಲಾಸ್ ಹಿಡ್ಕೊಂಡು ಕೂತಿದ್ರು, ಅಕ್ಕನ ಕೈಗೆ ಕೊಟ್ಟು "ನೋಡೇ, ಅಟ್ಟ" ಅಂದ್ರು. ಅಕ್ಕ ಜೀವಮಾನದಲ್ಲಿ ಒಂದು ಹನಿ ಮುಟ್ಟಿದೋಳಲ್ಲ, ಮೂಸಿ ನೋಡಿ "ಅಟ್ಟ ಹೌದು, ಆದ್ರೆ ಪಕ್ಕದಲ್ಲೇ ಯಾರೋ ರಾಗಿ ಹುರೀತಿದಾರೆ" ಅಂದ್ಳು.