ಹೊತ್ತು ನೋಡಿ ಊಟ, ಹಂಗಾಮು ನೋಡಿ ಮೆಣಸಿನಕಾಯಿ

ನನ್ನ ತಂಗಿಯ ಸೊಸೆ ಮೈಸೂರು ಕಡೆಯವಳು. ಹುಬ್ಬಳ್ಳಿಗೆ ಬಂದ ಹೊಸದರಲ್ಲಿ ಒಂದು ದಿನ ಮಧ್ಯಾಹ್ನ ಮೂರೂವರೆಗೆ ಖಾನಾವಳಿಗೆ ಹೋಗಿದ್ದಳು. ಆರಿದ ರೊಟ್ಟಿ, ತಳದಲ್ಲಿ ಉಳಿದ ಪಲ್ಯ ತಿಂದು ಬಂದು, "ದೊಡ್ಡತ್ತೆ, ಇಲ್ಲಿನ ಊಟ ಇಷ್ಟೇನಾ?" ಅಂದಳು. ನನಗೆ ಬಹಳ ಬೇಜಾರಾಯಿತು. ತಪ್ಪು ಊಟದ್ದಲ್ಲ, ಹೋದ ಹೊತ್ತಿನದು. ಮರುದಿನ ನಾನೇ ಕರೆದುಕೊಂಡು ಹೋದೆ.

ಖಾನಾವಳಿಗೆ ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋಗಿ. ಬೋರ್ಡ್ ನೋಡಬೇಡಿ, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆಯೇ ನೋಡಿ. ಆ ಪಟಪಟ ಸಪ್ಪಳ ಇದ್ದರೆ ರೊಟ್ಟಿ ನಿಮ್ಮ ಕಣ್ಣೆದುರೇ ಹಂಚಿನಿಂದ ಇಳಿಯುತ್ತದೆ. ಉಬ್ಬಿದ ರೊಟ್ಟಿ ಮುರಿದರೆ ಹಬೆ ಬೆರಳಿಗೆ ತಾಗಬೇಕು. ಅದರ ಮೇಲೆ ಒಂದಿಷ್ಟು ಬೆಣ್ಣೆ, ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಝುಣಕ, ಮಡಿಕೆಕಾಳಿನ ಪಲ್ಯ, ಮೊಸರು ಕಲಸಿದ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಬಡಿಸುವವರು "ಇನ್ನೊಂದು ಬಿಸಿ ರೊಟ್ಟಿ ಹಾಕ್ಲೇನ್ರೀ ಅಕ್ಕಾರ?" ಎಂದು ಕೇಳುತ್ತಾರೆ. ಅದಕ್ಕೇ ಒಮ್ಮೆಲೇ ಎರಡು ಹಾಕಿಸಿಕೊಳ್ಳಬೇಡಿ, ಒಂದೊಂದೇ ಹಾಕಿಸಿಕೊಳ್ಳಿ. ಅನ್ನ ಕೊನೆಗೆ ಸಾಕು. ಮನೆಗೆ ಕಟ್ಟಿಸುವುದಾದರೆ ಕಡಕ್ ರೊಟ್ಟಿ ಕೇಳಿ. ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಎಷ್ಟೋ ದಿನ ಕೆಡುವುದಿಲ್ಲ.

ಮಾಂಸ ತಿನ್ನುವವರು ಹುಬ್ಬಳ್ಳಿಗೆ ಬಂದು ಸಾವಜಿ ಊಟ ಬಿಟ್ಟು ಹೋಗಬಾರದು. ಖಾರ ಮಾತ್ರ ಜಾಸ್ತಿ. ಮಕ್ಕಳು ಜೊತೆಗಿದ್ದರೆ ಅವರಿಗೆ ಬೇರೆ ಏನಾದರೂ ಹೇಳಿ.

ಸಂಜೆಯಾದರೆ ಹುಬ್ಬಳ್ಳಿಯ ದುರ್ಗದಬೈಲ್, ತಿಂಡಿ ಗಾಡಿಗಳ ಜಾಗ. ಗಿರ್ಮಿಟ್ ಅನ್ನು ಮನೆಗೆ ಕಟ್ಟಿಸಿಕೊಂಡು ಹೋಗಬೇಡಿ. ಹುಣಸೆ, ಬೆಲ್ಲ ಹಾಕಿದ ಉಳ್ಳಾಗಡ್ಡಿ ಒಗ್ಗರಣೆ ಚುರಮುರಿಗೆ ಬಿದ್ದ ಮೇಲೆ ಹತ್ತು ನಿಮಿಷಕ್ಕೆ ಮೆತ್ತಗಾಗಿಬಿಡುತ್ತದೆ. ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೈಗೆ ಕೊಟ್ಟ ಕೂಡಲೇ ನಿಂತಲ್ಲೇ ತಿನ್ನಿ. ಮಿರ್ಚಿ ಭಜಿಯನ್ನು ತಟ್ಟೆಯಲ್ಲಿ ರಾಶಿ ಹಾಕಿದ್ದರಿಂದ ತೆಗೆದುಕೊಳ್ಳದೆ, ಮುಂದಿನ ಘಾಣಕ್ಕೆ ಐದು ನಿಮಿಷ ಕಾಯಿರಿ. ಕಡಾಯಿಯ ಎಣ್ಣೆ ಕಪ್ಪಾಗಿದ್ದರೆ ಮುಂದಿನ ಗಾಡಿಗೆ ನಡೆಯಿರಿ, ಅಷ್ಟೇ.

ಪೇಡೆಗೆ ಧಾರವಾಡಕ್ಕೇ ಹೋಗಬೇಕು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ಸುಮಾರು 20 ಕಿಲೋಮೀಟರ್. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಇಲ್ಲಿ ಶುರು ಮಾಡಿದ ಸಿಹಿ ಇದು. ಲೈನ್ ಬಜಾರಿನ ಅಂಗಡಿ ಮುಂದೆ ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದಿರುವುದರಿಂದ ಬೇಗ ಹುಳಿಯುವುದಿಲ್ಲ. ಆದರೆ ಡಬ್ಬಿ ತೆರೆದಿಟ್ಟರೆ ಗಾಳಿಗೆ ಗಟ್ಟಿಯಾಗುತ್ತದೆ.

ಇನ್ನು ಮೆಣಸಿನಕಾಯಿ. ಇಲ್ಲಿಗೆ ಬಂದು ಬ್ಯಾಡಗಿ ಮೆಣಸಿನಕಾಯಿ ಒಯ್ಯದವರು ಯಾರಿದ್ದಾರೆ? ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಕೂಡ ಸಿಕ್ಕಿದೆ. ಅಲ್ಲಿ ವ್ಯಾಪಾರ ಚೀಲದ ಲೆಕ್ಕದಲ್ಲಿ. ನಮಗೆ ಬೇಕಾಗುವ ಎರಡು ಮೂರು ಕಿಲೋ ಹುಬ್ಬಳ್ಳಿಯ ಅಂಗಡಿಯಲ್ಲೇ ಸಿಗುತ್ತದೆ. ಕೊಳ್ಳುವುದು ಮಾತ್ರ ಬೇಸಿಗೆಯಲ್ಲೇ. ಒಮ್ಮೆ ಆಷಾಢದ ಮಳೆಯಲ್ಲಿ ಸೋವಿಯಾಗಿ ಸಿಕ್ಕಿತೆಂದು ನಾಲ್ಕು ಕಿಲೋ ತಂದೆ. ಮೇಲೆ ನೋಡಲು ಕೆಂಪಗೆ ಚೆಂದ ಇತ್ತು. ಮುರಿದರೆ ಒಳಗೆ ಬೂದಿ ಬಣ್ಣದ ಬೂಸ್ಟು, ಅರ್ಧದಷ್ಟನ್ನು ಚೆಲ್ಲಿದೆ.

ಆವತ್ತಿನಿಂದ ಅಂಗಡಿಯಲ್ಲೇ ಒಂದು ಕಾಯಿ ಮುರಿದು ನೋಡದೆ ಕೊಳ್ಳುವುದಿಲ್ಲ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಕಾಯಿ ಉದ್ದ, ತೆಳು, ಮೈಯೆಲ್ಲ ಸುಕ್ಕು. ಡಬ್ಬಿ ಕಾಯಿ ಗಿಡ್ಡ, ದಪ್ಪ. ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ತೊಟ್ಟು ಗಟ್ಟಿಯಾಗಿ ಅಂಟಿರಬೇಕು. ಪುಡಿ ಕೊಂಡರೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಉದುರಿಸಿ. ಕೆಂಪು ಗೆರೆ ಎಳೆಎಳೆಯಾಗಿ ಕೆಳಗಿಳಿದರೆ ಬಣ್ಣ ಬೆರೆಸಿದ್ದಾರೆ ಎಂದೇ ತಿಳಿಯಿರಿ.

ಮನೆಗೆ ತಂದ ಮೇಲೆ ಎರಡು ದಿನ ಬಿಸಿಲಿಗೆ ಹರಡಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ, ಬೆವರುತ್ತದೆ. ಪೂರ್ತಿ ಆರಲಿ. ವರ್ಷದ್ದೆಲ್ಲ ಒಮ್ಮೆಲೇ ಕುಟ್ಟಿಸದೆ ಎರಡು ತಿಂಗಳಿಗೆ ಸಾಕಾಗುವಷ್ಟು ಕುಟ್ಟಿಸಿ, ಪುಡಿಯ ಡಬ್ಬಿಯಲ್ಲಿ ಒಂದು ಇಂಗಿನ ಚೂರು ಇಡಿ.