ತುಂಬಿದ್ದು ನೀರೋ, ಕೆಸರೋ? ಮಳೆಗೆ ಮುನ್ನ ಸೆಪ್ಟಿಕ್ ಟ್ಯಾಂಕ್ ಅಳೆದು ನೋಡಿ

‘ನಮ್ಮ ಮನೆಯ ಗುಂಡಿಯನ್ನು ಇಪ್ಪತ್ತು ವರ್ಷದಿಂದ ತೆಗೆಸಿಯೇ ಇಲ್ಲ’ ಎಂದು ಹೆಮ್ಮೆಪಡುವವರು ಮಲೆನಾಡಿನಲ್ಲಿ ಕಡಿಮೆಯಿಲ್ಲ. ಅದು ತಳ ಕಟ್ಟದ ಜಂಬಿಟ್ಟಿಗೆ ಗುಂಡಿಯಾಗಿದ್ದರೆ ಹೆಮ್ಮೆಗಿಂತ ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ತಳ, ಗೋಡೆ ಎರಡೂ ಭದ್ರವಾಗಿರುವ ಸೆಪ್ಟಿಕ್ ಟ್ಯಾಂಕ್ ಆದರೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕಾಗುತ್ತದೆ.

ಮುಚ್ಚಳ ತೆಗೆದ ಕೂಡಲೇ ‘ಅಯ್ಯೋ, ತುಂಬಿಬಿಟ್ಟಿದೆ’ ಎಂದು ಗಾಬರಿಯಾಗಬೇಡಿ. ಹೊರಹೋಗುವ ಪೈಪಿನ ಮಟ್ಟದವರೆಗೆ ನೀರು ಸದಾ ನಿಂತೇ ಇರುತ್ತದೆ. ಲೆಕ್ಕಕ್ಕೆ ಬರುವುದು ತಳದಲ್ಲಿ ಕೂತ ಕೆಸರು ಮತ್ತು ಮೇಲೆ ತೇಲುವ ಜಿಡ್ಡಿನ ಪದರ.

ಅಳೆಯಲು ಏಪ್ರಿಲ್, ಮೇ ತಿಂಗಳು ಸರಿಯಾದ ಕಾಲ. ಮುಚ್ಚಳ ಸರಿಸಿ ಗಾಳಿಯಾಡಲು ಬಿಡಿ. ಬಗ್ಗಿ ಇಣುಕಬೇಡಿ, ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ, ಒಬ್ಬರೇ ಇರಬೇಡಿ. ಉದ್ದನೆಯ ಬಿದಿರಿನ ಗಳದ ತುದಿಗೆ ಮೂರು ಅಡಿಯಷ್ಟು ಹಳೆಯ ಬಿಳಿ ಪಂಚೆ ಸುತ್ತಿ ಬಿಗಿಯಾಗಿ ಕಟ್ಟಿ. ಕೊಳಚೆ ಒಳಬರುವ ಮೊದಲ ಕೋಣೆಯಲ್ಲಿ ಅದನ್ನು ತಳ ಮುಟ್ಟುವವರೆಗೆ ಇಳಿಸಿ, ಕೆಲವು ನಿಮಿಷ ಬಿಟ್ಟು ನಿಧಾನವಾಗಿ ಮೇಲೆತ್ತಿ. ಬಟ್ಟೆಯ ಮೇಲೆ ದಟ್ಟ ಕಪ್ಪು ಎಲ್ಲಿಯವರೆಗೆ ಅಂಟಿದೆಯೋ ಅಷ್ಟು ಕೆಸರು. ಅದರ ಮೇಲಿನ ತೆಳು ಕಂದು ಬರೀ ನೀರಿನ ಕಲೆ. ಇನ್ನೊಂದು ಕೋಲಿನ ತುದಿಗೆ ಅಂಗೈಯಗಲದ ಹಲಗೆ ಬಡಿದು ಜಿಡ್ಡಿನ ಪದರದ ದಪ್ಪವನ್ನೂ ನೋಡಿ. ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದರೆ ತೆಗೆಸಲು ಹೇಳಿ. ನಾಲ್ಕೂವರೆ ಅಡಿ ಆಳವಿದ್ದರೆ ಒಂದೂವರೆ ಅಡಿಯೇ ಗಡಿ. ಅದು ದಾಟಿದರೆ ಕೆಸರು ಇಂಗುಗುಂಡಿಗೆ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗುವ ಗುಂಡಿಗೆ, ಹರಿದು ಅದರ ಬಾಯಿ ಕಟ್ಟುತ್ತದೆ. ಆಮೇಲೆ ಖರ್ಚು ಇಮ್ಮಡಿ.

ಅಳೆಯುವ ಮೊದಲೇ ಮನೆಯೇ ಸೂಚನೆ ಕೊಡುವುದುಂಟು: ಕಮೋಡಿನಲ್ಲಿ ನೀರು ಗುಳುಗುಳು ಎನ್ನುತ್ತಾ ತಡವಾಗಿ ಇಳಿಯುವುದು, ಬಚ್ಚಲಿನಲ್ಲಿ ದುರ್ನಾತ, ಬೇಸಿಗೆಯಲ್ಲೂ ಟ್ಯಾಂಕ್ ಸುತ್ತ ಒದ್ದೆ ನೆಲ.

ತೀರ್ಥಹಳ್ಳಿ, ಹೊಸನಗರದ ಕಡೆ ಇನ್ನೊಂದು ತಕರಾರಿದೆ. ಬೇಸಿಗೆಯಲ್ಲಿ ಸರಿಯಿದ್ದದ್ದು ಜುಲೈ ಬಂತೆಂದರೆ ಕಟ್ಟಿಕೊಳ್ಳುತ್ತದೆ. ಆಗ ತಪ್ಪು ಬಹುಪಾಲು ಟ್ಯಾಂಕಿನದ್ದಲ್ಲ. ನೆಲವೇ ನೀರುಂಡು ಬಿರಿದಿರುವಾಗ ಇಂಗುಗುಂಡಿ ಇನ್ನೆಷ್ಟು ಕುಡಿದೀತು? ಆಗ ಖಾಲಿ ಮಾಡಿಸಿದರೂ ಕೆಲವೇ ದಿನದಲ್ಲಿ ಮೊದಲಿನಂತೆಯೇ ಆಗುತ್ತದೆ. ಜೊತೆಗೆ ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಖಾಲಿ ಟ್ಯಾಂಕಿನ ಗೋಡೆ ಬಿರುಕು ಬಿಡುವ ಭಯ ಬೇರೆ. ಚಾವಣಿಯ ಮಳೆನೀರನ್ನು ಇಂಗುಗುಂಡಿಯ ಕಡೆಗೆ ಬಿಟ್ಟಿದ್ದರೆ ಮೊದಲು ಅದನ್ನು ತಿರುಗಿಸಿ. ಗುಡ್ಡದ ಮಣ್ಣುರಸ್ತೆಗೆ ಮಳೆಯಲ್ಲಿ ಸಕ್ಕಿಂಗ್ ಲಾರಿ ಹತ್ತುವುದೂ ಕಷ್ಟವೇ.

ಕೆಲಸ ಯಂತ್ರದಿಂದಲೇ ಆಗಲಿ. ‘ಸ್ವಲ್ಪ ಇಳಿದು ಕೆದಕಿಬಿಡುತ್ತೇನೆ’ ಎಂದು ಯಾರಾದರೂ ಅಂದರೂ ಬಿಡಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಟ್ಯಾಂಕನ್ನು ಉಜ್ಜಿ ತೊಳೆಸುವುದೂ ಬೇಡ. ತಳದಲ್ಲಿ ತುಸು ಕೆಸರು ಉಳಿದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಮತ್ತೆ ಕೆಲಸ ಶುರುಮಾಡುತ್ತವೆ. ಹಣ ಕೊಡುವ ಮುನ್ನ ಲೋಡು ಎಲ್ಲಿ ಸುರಿಯುತ್ತೀರಿ ಎಂದು ಚಾಲಕನನ್ನು ಕೇಳಿ. ಹಳ್ಳದ ದಾರಿ ತೋರಿಸಿದರೆ ಬೇರೆ ಲಾರಿಯನ್ನು ಕರೆಸಿ.