ಎರೆಹೊಲಕ್ಕೆ ಡಂಪಿಂಗ್ ಟ್ರಾಲಿ ಮಾಡಿಸಿದ ನನ್ನ ಅನುಭವ

ಸೇಡಂ ತಾಲ್ಲೂಕಿನ ನಮ್ಮ ಹೊಲಕ್ಕೆ ಡಂಪಿಂಗ್ ಟ್ರಾಲಿ, ಅಂದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ, ಜಾಕಿನಿಂದ ತೊಟ್ಟಿ ಎತ್ತಿ ಮಾಲು ಸುರಿಯುವ ಬಂಡಿ ಮಾಡಿಸುವ ಮುನ್ನ, ಅದರಲ್ಲಿ ವರ್ಷವಿಡೀ ಏನೇನು ಹೇರಬೇಕಾಗುತ್ತದೆ ಎಂದು ಒಂದು ಪಟ್ಟಿ ಬರೆದಿಟ್ಟುಕೊಂಡೆ. ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ಮತ್ತು ಕೆರೆಯ ಹೂಳು, ಹೊಲದ ದಾರಿಗೆ ಮುರುಮ್ (ಗರಸು ಮಣ್ಣು), ಒಡ್ಡಿಗೆ ಶಹಾಬಾದ್ ಕಲ್ಲಿನ ಗಣಿಗಳ ಒಡಕು ಚೂರುಗಳು, ರಾಶಿಯಾದ ಮೇಲೆ ತೊಗರಿ ಚೀಲ ಹಾಗೂ ತೊಗರಿ ಕಟ್ಟಿಗೆ. ಇವುಗಳಲ್ಲಿ ಕಟ್ಟಿಗೆ ಜಾಗ ತಿನ್ನುತ್ತದೆಯೇ ಹೊರತು ತೂಗುವುದಿಲ್ಲ. ಹಸಿ ಮುರುಮ್ ಅರ್ಧ ಟ್ರಾಲಿಗೇ ಟೈರು ಕುಗ್ಗಿಸುತ್ತದೆ. ಅತ್ಯಂತ ಭಾರದ ಮಾಲು, ಅದೂ ಹಸಿಯಾಗಿರುವಾಗ ಎಷ್ಟು ತೂಗುತ್ತದೋ ಅದಕ್ಕೆ ತಕ್ಕಂತೆ ಟ್ರಾಲಿಯ ಅಳತೆ ಇರಬೇಕೆಂದು ನಾನು ನಿರ್ಧರಿಸಿದೆ.

ವರ್ಕ್‌ಶಾಪಿನ ಮೇಸ್ತ್ರಿ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. "ಎರಡು ಫೂಟ್ ಎತ್ತರ ಮಾಡಿಸ್ರಿ ಗೌಡ್ರ, ಮಾಲ್ ಜಾಸ್ತಿ ಹಿಡೀತದ" ಎಂದು ಅವರ ವಾದ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರವೆಂದರೆ 120 ಘನ ಅಡಿ, ಅಂದರೆ ಒಂದು ಬ್ರಾಸಿಗಿಂತ (100 ಘನ ಅಡಿ) ಹೆಚ್ಚು. ಹಸಿ ಮುರುಮ್ ತುಂಬಿದರೆ ಅದು ಆರು ಟನ್ನಿನ ಹತ್ತಿರ ಹೋಗುತ್ತದೆ. ನಮ್ಮ 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ಸ್ವಂತ ತೂಕ ಸುಮಾರು ಎರಡು ಟನ್. ಎಳೆಯುವುದಕ್ಕಿಂತ ದೊಡ್ಡ ಪ್ರಶ್ನೆ ಇಳಿಜಾರಿನಲ್ಲಿ ನಿಲ್ಲಿಸುವುದು, ಏಕೆಂದರೆ ಇಂತಹ ಟ್ರಾಲಿಗಳಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಇಡೀ ಭಾರವನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಆದ್ದರಿಂದ ತಗಡಿನ ಗೋಡೆಯನ್ನು ಒಂದೂವರೆ ಅಡಿಗೇ ನಿಲ್ಲಿಸಿ, ಅದರ ಮೇಲೆ ಕೊಳವೆಗಳಲ್ಲಿ ಸಿಕ್ಕಿಸಿ ತೆಗೆಯಬಹುದಾದ ಆಂಗಲ್ ಚೌಕಟ್ಟನ್ನು ಮಾಡಿಸಿದೆ. ಕಟ್ಟಿಗೆ, ಹೊಟ್ಟು, ಒಣಗೊಬ್ಬರ ಹೇರುವಾಗ ಚೌಕಟ್ಟು ಏರುತ್ತದೆ, ಮುರುಮ್ ಹೇರುವಾಗ ಅದು ಶೆಡ್ಡಿನಲ್ಲೇ ಉಳಿಯುತ್ತದೆ. ಆಳು ಎಷ್ಟೇ ಉತ್ಸಾಹದಿಂದ ತುಂಬಿದರೂ ಗೋಡೆಯೇ ಮಿತಿ ಹಾಕುತ್ತದೆ.

ನಾಲ್ಕು ಗಾಲಿಯ ಟ್ರಾಲಿ ತನ್ನ ಭಾರವನ್ನು ತಾನೇ ಹೊರುತ್ತದೆ, ಆದರೆ ಹಿಂದಕ್ಕೆ ತಳ್ಳುವುದು ತ್ರಾಸು. ಎರಡು ಗಾಲಿಯದು ಸ್ವಲ್ಪ ಭಾರವನ್ನು ಕೊಂಡಿಯ ಮೇಲೆ ಹಾಕುವುದರಿಂದ ಎರೆಭೂಮಿಯಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ಸಿಗುತ್ತದೆ. ಆ ಭಾರ ಅತಿಯಾದರೆ ಟ್ರ್ಯಾಕ್ಟರಿನ ಮೂತಿ ಏಳುತ್ತದೆ, ಕಡಿಮೆಯಾದರೆ ಕೊಂಡಿಯೇ ಮೇಲಕ್ಕೆ ಎಳೆಯುತ್ತದೆ. ಅದಕ್ಕಾಗಿ ಎಕ್ಸಲ್ಲನ್ನು ನಡುವಿನಿಂದ ತುಸು ಹಿಂದಕ್ಕೆ ಕೂರಿಸುತ್ತಾರೆ. ನಾನು ಎರಡು ಗಾಲಿಯದನ್ನೇ ಆರಿಸಿ, 9.00-16 ಅಳತೆಯ ಟೈರು ಹಾಕಿಸಿದೆ.

ತೊಟ್ಟಿಯ ವಿಷಯದಲ್ಲಿ ಎರಡು ಮಾತು. ಹಿಂಬದಿಯ ಅಗಲ ಮುಂಬದಿಗಿಂತ ಎರಡು ಇಂಚು ಹೆಚ್ಚಿದ್ದರೆ ಕೆರೆಯ ಹೂಳು ಗೋಡೆಗೆ ಕಚ್ಚಿಕೊಳ್ಳದೆ ಜಾರುತ್ತದೆ. ಒಳಮೈಯಲ್ಲಿ ಒಂದೇ ಒಂದು ಪಟ್ಟಿಯ ಅಂಚು ಎದ್ದಿದ್ದರೂ ಅಲ್ಲಿಂದಲೇ ಮಣ್ಣು ಗಂಟುಕಟ್ಟಲು ತೊಡಗುತ್ತದೆ. ಹಿಂಬಾಗಿಲು ಮೇಲಿನ ಪಿನ್ನಿನಿಂದ ತೂಗುವಂತೆಯೂ, ಬೇಕೆಂದಾಗ ಕೆಳಕ್ಕೆ ಬೀಳುವಂತೆಯೂ ಇರಬೇಕು. ಮುರುಮ್, ಗೊಬ್ಬರಕ್ಕೆ ಮೊದಲನೆಯದು ಚೆನ್ನ, ಆದರೆ ಅಗಲವಾದ ಕಲ್ಲು ಅದರ ಕೆಳಗೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ತಳಕ್ಕೆ 5 ಮಿ.ಮೀ., ಗೋಡೆಗೆ 3 ಮಿ.ಮೀ. ತಗಡು ಹಾಕಿಸಿದ್ದೇನೆ. ಕಲ್ಲು ಹೇರುವ ಮುನ್ನ ತಳಕ್ಕೆ ಒಂದಿಷ್ಟು ಮಣ್ಣು ಹರಡಿದರೆ ತಗಡಿಗೆ ಗುಂಡಿ ಬೀಳುವುದಿಲ್ಲ.

ಕೊಳ್ಳುವವರು ಕಡಿಮೆ ವಿಚಾರಿಸುವ ಸಂಗತಿಯೆಂದರೆ ಜಾಕಿಗೆ ಬೇಕಾಗುವ ಎಣ್ಣೆ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್ಕಿಗೆ ಒಂದೇ ಎಣ್ಣೆ. ನಮ್ಮ ಟ್ರಾಲಿಯ ಜಾಕ್ ಪೂರ್ತಿ ಚಾಚಿದಾಗ ಏಳೆಂಟು ಲೀಟರ್ ಎಣ್ಣೆ ಅದರೊಳಗೆ ಹೋಗುತ್ತದೆ, ಅಷ್ಟು ಎಣ್ಣೆ ಆ ಹೊತ್ತಿನಲ್ಲಿ ಟ್ರ್ಯಾಕ್ಟರಿನಲ್ಲಿ ಇರುವುದಿಲ್ಲ. ಹೀಗಾಗಿ ತೊಟ್ಟಿ ಪೂರ್ತಿ ಎದ್ದಾಗ ಮಟ್ಟ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ತಿಳಿದ ಮೆಕ್ಯಾನಿಕ್‌ನಿಂದ ನೋಡಿಸಿ, ಅಗತ್ಯವಿದ್ದಷ್ಟು ಎಣ್ಣೆ ಸೇರಿಸಿದೆ. ಜಾಕಿನ ಪೈಪಿನ ಕಪ್ಲರಿಗೆ (ಟ್ರ್ಯಾಕ್ಟರಿಗೆ ಸಿಕ್ಕಿಸುವ ತುದಿಗೆ) ರಬ್ಬರ್ ಟೋಪಿ ಕಡ್ಡಾಯ, ಏಕೆಂದರೆ ಅಲ್ಲಿ ಅಂಟಿದ ಎರೆಮಣ್ಣಿನ ಧೂಳು ನೇರವಾಗಿ ಗೇರಿನ ಎಣ್ಣೆಗೇ ಸೇರುತ್ತದೆ. ಜೋಡಿಸುವ ಮುನ್ನ ಬಟ್ಟೆಯಿಂದ ಒರೆಸದೆ ನಾನು ಸಿಕ್ಕಿಸುವುದಿಲ್ಲ.

ಎರೆಭೂಮಿಯಲ್ಲಿ ತೊಟ್ಟಿ ಎತ್ತುವ ಜಾಗವನ್ನು ನೋಡಿಕೊಳ್ಳಬೇಕು. ಒಂದು ಬದಿಯ ಗಾಲಿ ಮೆತ್ತಗಿನ ಮಣ್ಣಿನಲ್ಲಿ ಇಳಿದಿದ್ದರೆ, ತೊಟ್ಟಿ ಎದ್ದಂತೆ ಭಾರವೂ ಮೇಲೇರಿ ಟ್ರಾಲಿ ಪಕ್ಕಕ್ಕೆ ಉರುಳಬಹುದು. ಮಳೆಯಾದ ಹೊಲದಲ್ಲಿ ಹದ ಬರುವವರೆಗೂ ನಾನು ಡಂಪ್ ಮಾಡುವುದಿಲ್ಲ. ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ಎಂದು ನೋಡುವುದು, ಹಿಂದೆ ಯಾರೂ ನಿಲ್ಲದಂತೆ ಹೇಳುವುದು ಇದರ ಜೊತೆಗೇ ಬರುತ್ತವೆ. ಎತ್ತಿದ ತೊಟ್ಟಿಯ ಕೆಳಗೆ ಗ್ರೀಸ್ ಹೊಡೆಯಬೇಕಾದಾಗ ಜಾಕನ್ನು ನಂಬದೆ, ಚಾಸಿಗೆ ಜೋಡಿಸಿದ ಕಬ್ಬಿಣದ ಆಸರೆಕಂಬವನ್ನು ನಿಲ್ಲಿಸುತ್ತೇನೆ. ಅದನ್ನು ಮೇಸ್ತ್ರಿ ತಾವಾಗಿ ಕೊಡಲಿಲ್ಲ, ಹೇಳಿ ಮಾಡಿಸಿಕೊಳ್ಳಬೇಕಾಯಿತು.

ತೊಗರಿ ಹೇರಿಕೊಂಡು ಕಲಬುರಗಿಯ ಮಾರುಕಟ್ಟೆಗೆ ಹೋಗುವುದಿದ್ದರೆ ಟ್ರಾಲಿಗೆ ಪ್ರತ್ಯೇಕ ನೋಂದಣಿ ಇರಬೇಕು, ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದೆಂಬ ವಿನಾಯಿತಿ ಇಲ್ಲ. ಹಿಂದಿನ ಕೆಂಪು ದೀಪಗಳನ್ನು ತೊಟ್ಟಿಯ ಮೇಲೆ ಕೂರಿಸದೆ ಚಾಸಿಯ ಅಂಚಿಗೆ ಕೂರಿಸಿದರೆ ಸುರಿದ ಕಲ್ಲು ಅವುಗಳನ್ನು ಒಡೆಯುತ್ತದೆ. ಅದಕ್ಕಾಗಿ ನಾನು ಚಾಸಿಯಲ್ಲೇ ಒಳಕ್ಕೆ ಸರಿಸಿ ಪಟ್ಟಿಯ ಕವಚ ಹಾಕಿಸಿ, ಹಿಂಬಾಗಿಲಿಗೆ ಹೊಳೆಯುವ ಪಟ್ಟಿ ಅಂಟಿಸಿದ್ದೇನೆ. ರಸ್ತೆಗೆ ಇಳಿಯುವ ಮುನ್ನ ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಪಟ್ಟಿ ಹಾಕಿದೆಯೇ ಎಂದು ಡ್ರೈವರ್ ಕೆಳಗಿಳಿದು ಕೈಯಿಂದ ಮುಟ್ಟಿ ನೋಡಬೇಕು. ಭಾರ ತುಂಬಿದಾಗ ಒಂದೇ ಬದಿಯ ಬ್ರೇಕ್ ಹಿಡಿದರೆ ಟ್ರಾಲಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತದೆ.